ಗೇರಿಲ್ಲದ ಕಾರು ಮತ್ತು ನನ್ನ ಬಲಗಾಲು

ಬಾಪ್ಪು, ಅಂದರೆ ನನ್ನ ಚಿಕ್ಕಪ್ಪ, ಆಫ್ರಿಕಾದಿಂದ ಕಾರು ತಂದ ದಿನ ನನ್ನ ಅಣ್ಣ ಅದಕ್ಕೆ ಎರಡು ಸುತ್ತು ಬಂದು, ಬಾಗಿಲು ತೆಗೆದು, ಒಳಗೆ ಬಗ್ಗಿ ನೋಡಿ, "ಕ್ಲಚ್ಚೇ ಇಲ್ಲವಲ್ಲ! ಇದು ಕುಂಟರ ಕಾರು" ಎಂದು ನಕ್ಕ. ನಾನು ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದೆ. ನನ್ನನ್ನು ನೋಡಿ ಹೇಳಿದನೋ, ನಾನು ಅಲ್ಲಿರುವುದೇ ಗೊತ್ತಿಲ್ಲದೆ ಹೇಳಿದನೋ ಎಂದು ಬಹಳ ದಿನ ಯೋಚಿಸಿದ್ದೇನೆ. ಗೊತ್ತಿಲ್ಲದೆ ಹೇಳಿದ್ದರೆ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ನಮ್ಮ ಮನೆಯ ಮಾತು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಿ ಕಂಡರೆ ಅದಕ್ಕೆ ಕಾರಣ ಭಾಷೆ, ನಾನಲ್ಲ.

ನಾಲ್ಕನೇ ವಯಸ್ಸಿನಲ್ಲಿ ಬಂದ ಒಂದು ಜ್ವರ ಇಳಿಯುವಾಗ ನನ್ನ ಎಡಗಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ನಡೆಯುತ್ತೇನೆ. ಮೊಣಕಾಲಿಗೆ ಕೈ ಕೊಟ್ಟು ಮೆಟ್ಟಿಲನ್ನೂ ಹತ್ತುತ್ತೇನೆ. ಆದರೆ ಆ ಕಾಲಿನಿಂದ ಏನನ್ನೂ ಒತ್ತಿ ಹಿಡಿಯಲು ಆಗುವುದಿಲ್ಲ. ಹಾಗಿದ್ದೂ ಟೀಚರ್ ಟ್ರೈನಿಂಗ್ ಮುಗಿಸಿ, ಐವತ್ತರ ದಶಕದ ಮಧ್ಯದಲ್ಲಿ ಪೇಟೆಯ ಒಂದು ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸಲು ಸೇರಿದೆ. ಮಂಗಳೂರಿನ ಬಿಜೈಯಲ್ಲಿದ್ದ ನಮ್ಮ ಮನೆಯಿಂದ ಹಂಪನಕಟ್ಟೆಗೆ ದಿನಾ ಬಸ್ಸು. "ಬೇಗ ಹತ್ತಿ ಬಾಯಮ್ಮ, ಬೇಗ" ಎಂದು ಕಂಡಕ್ಟರ್ ಕೂಗುವಾಗ ಬಸ್ಸಿನ ಎಲ್ಲ ಕಣ್ಣುಗಳೂ ನನ್ನ ಕಾಲಿನ ಮೇಲೆ ಇರುತ್ತಿದ್ದವು.

ಅಣ್ಣನಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಯವರು ಅವನಿಗೊಂದು ಜೀಪು ಕೊಟ್ಟಿದ್ದರು. ಬಿಜೈಯಲ್ಲಿ ಅವನಿಂದ ಡ್ರೈವಿಂಗ್ ಕಲಿಯದ ಗಂಡಸು ಇರಲಿಲ್ಲ ಎಂದೇ ಹೇಳಬೇಕು. ಒಮ್ಮೆ ನಾನೂ ಕೇಳಿದೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಸಂಬಂಧಿಕರೆಲ್ಲ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದರು. ಆಗುವುದಿಲ್ಲ ಎಂದು ಹೇಳಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಅವನು ಹಾಗೆ ಹೇಳಲಿಲ್ಲ. "ಬಾ, ಹತ್ತು" ಎಂದ. ನನ್ನನ್ನು ಜೀಪಿನ ಸೀಟಿನಲ್ಲಿ ಕೂರಿಸಿ, ಎಡಗಾಲನ್ನು ತನ್ನ ಕೈಯಿಂದಲೇ ಎತ್ತಿ ಕ್ಲಚ್ಚಿನ ಮೇಲೆ ಇಟ್ಟು, "ಒತ್ತು" ಎಂದ. ಒತ್ತಿದೆ. ಏನೂ ಆಗಲಿಲ್ಲ. "ಇನ್ನೂ ಒತ್ತು." ಎರಡೂ ಕೈಗಳಿಂದ ಮೊಣಕಾಲನ್ನು ಅದುಮಿದೆ. ಪೆಡಲ್ ಅರ್ಧ ಇಳಿದು ನನ್ನ ಕಾಲನ್ನು ವಾಪಸು ತಳ್ಳಿತು. ಅಣ್ಣ ಎಲ್ಲರ ಕಡೆಗೆ ತಿರುಗಿ, "ನಾನು ಕಲಿಸುವುದಿಲ್ಲ ಅಂತ ಹೇಳಬೇಡಿ ಮತ್ತೆ" ಎಂದ. ಅಮ್ಮ, "ಇಳಿ, ಕಾಫಿ ತಣ್ಣಗಾಗ್ತದೆ" ಎಂದಳು. ನಾನು ಇಳಿದೆ. ಆ ಕಾಫಿಯನ್ನು ಕುಡಿಯಲಿಲ್ಲ.

ಬಾಪ್ಪು ನನ್ನ ಅಪ್ಪನ ತಮ್ಮ. ಆಫ್ರಿಕಾದ ಒಂದು ಬಂದರಿನಲ್ಲಿ ಇಪ್ಪತ್ತೈದು ವರ್ಷ ಗುಮಾಸ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಕ್ಕೆ ಆಪರೇಶನ್ ಆಗಿ ಆ ಕಣ್ಣೇ ಹೋಯಿತು, ಇನ್ನೊಂದಕ್ಕೆ ಅವರು ಒಪ್ಪಲಿಲ್ಲ. ಇಸವಿ ಅರವತ್ತೆರಡೋ ಅರವತ್ತಮೂರೋ ಇರಬೇಕು, ಅವರು ಹಡಗಿನಲ್ಲಿ ಮರಳಿದರು. ಅಪ್ಪ ಆಗಲೇ ಇರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲೇ ಉಳಿದುಕೊಂಡರು. ಅವರ ಜೊತೆಗೆ ಬಂದದ್ದು ಹಾಲೆಂಡಿನಲ್ಲಿ ತಯಾರಾದ ಈ ಚಿಕ್ಕ ಬೂದು ಬಣ್ಣದ ಕಾರು. ಕಾಲಿನ ಹತ್ತಿರ ಎರಡೇ ಪೆಡಲ್, ಒಂದು ಬ್ರೇಕ್, ಒಂದು ಆಕ್ಸಿಲರೇಟರ್. ಸೀಟುಗಳ ನಡುವೆ ಒಂದು ಗಿಡ್ಡ ಲಿವರ್. ಮುಂದೆ ತಳ್ಳಿದರೆ ಮುಂದೆ ಹೋಗುತ್ತದೆ, ಹಿಂದೆ ಎಳೆದರೆ ಹಿಂದೆ. ಗೇರು ಹಾಕುವ ಕೆಲಸವೇ ಇಲ್ಲ. ಕಾರಿನ ಅಡಿಯಲ್ಲಿ ಎರಡು ದಪ್ಪ ರಬ್ಬರ್ ಬೆಲ್ಟುಗಳು ರಾಟೆಗಳ ಮೇಲೆ ಓಡುತ್ತಿದ್ದವು. ವೇಗ ಹೆಚ್ಚಿದ ಹಾಗೆ ಒಂದು ರಾಟೆ ಹಿಗ್ಗಿ ಇನ್ನೊಂದು ಕುಗ್ಗಿ, ಗೇರು ತಾನಾಗಿಯೇ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಿತ್ತು.

ಅಣ್ಣ ನಕ್ಕು ಮುಗಿಸಿದ ಮೇಲೆ ಬಾಪ್ಪು ಕೀಲಿಕೈಯನ್ನು ಹಿಡಿದು, "ಅವಳು ಎಲ್ಲಿ?" ಎಂದು ಕೇಳಿದರು. ಕಣ್ಣು ಸರಿಯಾಗಿ ಕಾಣದ ಕಾರಣ ಅವರ ಕೈ ಕಂಬದ ಕಡೆಗೆ ಚಾಚಿತ್ತು, ನನ್ನ ಕಡೆಗಲ್ಲ. ನಾನೇ ಹೋಗಿ ಕೀಲಿಕೈ ತೆಗೆದುಕೊಂಡೆ. "ಇದಕ್ಕೆ ಬಲಗಾಲು ಒಂದು ಸಾಕು" ಎಂದರು.

ನನಗೆ ಕಾರು ಬಿಡಲು ಕಲಿಸಿದವರು ಅವರೇ. ರಸ್ತೆ ಕಾಣದವರು ಡ್ರೈವಿಂಗ್ ಕಲಿಸುತ್ತಾರಂತೆ ಎಂದು ಬಿಜೈಯಲ್ಲಿ ಎಲ್ಲರೂ ನಕ್ಕರು. ಆದರೆ ಬಾಪ್ಪುವಿಗೆ ಕಿವಿ ಇತ್ತು, ಬೆನ್ನು ಇತ್ತು. ದಿನಾ ಬೆಳಿಗ್ಗೆ ಶಾಲೆಗೆ ಮೊದಲು ಮೈದಾನಕ್ಕೆ ಹೋಗುತ್ತಿದ್ದೆವು. ಮೈದಾನದವರೆಗೆ ಲೈಸೆನ್ಸ್ ಇರುವ ಅಣ್ಣ ಗೊಣಗುತ್ತಾ ಕಾರು ಬಿಡುತ್ತಿದ್ದ. ಆಮೇಲೆ ಇಳಿದು ಬೀಡಿ ಸೇದುತ್ತಾ ದೂರ ನಿಲ್ಲುತ್ತಿದ್ದ.

ಮೊದಲ ದಿನವೇ ಕಾರು ಕಪ್ಪೆಯ ಹಾಗೆ ನೆಗೆಯಿತು. ಚೋಕ್ ಎಳೆದು ಸ್ಟಾರ್ಟ್ ಮಾಡಿದ ಕೂಡಲೇ ಲಿವರನ್ನು ಮುಂದೆ ತಳ್ಳಿದ್ದೆ. ಬಾಪ್ಪು ನಶ್ಯ ಎಳೆಯುವವರು. ಆಗಷ್ಟೇ ಚಿಟಿಕೆಯಲ್ಲಿ ಹಿಡಿದಿದ್ದ ನಶ್ಯವೆಲ್ಲ ಅವರ ಬಿಳಿ ಕೋಟಿನ ಮೇಲೆ ಬಿತ್ತು.

"ಎಂತ ಅವಸರ ನಿನಗೆ? ಎಂಜಿನ್ ಕಿರುಚುವುದು ಕೇಳ್ತದಾ? ಕಿರುಚುವಾಗ ಲಿವರ್ ಮುಟ್ಟಬೇಡ. ಬಿಸಿಯಾಗಲಿ. ಚೋಕ್ ಒಳಗೆ ಹೋಗಲಿ. ಅದು ಗೊಣಗುವ ಹಾಗೆ ಆದ ಮೇಲೆ ತಳ್ಳು."

ಒಂದು ವಾರ ಬರೀ ಹೊರಡುವುದು, ನಿಲ್ಲಿಸುವುದು. ಆಕ್ಸಿಲರೇಟರ್ ಒತ್ತಿದರೆ ಮೊದಲು ಎಂಜಿನ್ನಿನ ಸದ್ದು ಏರುತ್ತದೆ, ಕಾರು ಆಮೇಲೆ ಬರುತ್ತದೆ. ಆ ನಡುವಿನ ಕ್ಷಣದಲ್ಲಿ ಕಾರು ಕೈಕೊಟ್ಟಿತು ಅನಿಸಿ ಕಾಲು ಇನ್ನಷ್ಟು ಒತ್ತುತ್ತದೆ. ಒತ್ತಿದರೆ ಕಾರು ಹಾರುತ್ತದೆ. ಕಾಯಬೇಕು. ಪೆಡಲನ್ನು ಅಲ್ಲೇ ಹಿಡಿದುಕೊಂಡರೆ ಸದ್ದು ಒಂದೇ ಸಮನೆ ನಿಲ್ಲುತ್ತದೆ, ಅದೇ ಸದ್ದಿನಲ್ಲಿ ವೇಗ ಮಾತ್ರ ಏರುತ್ತಾ ಹೋಗುತ್ತದೆ. ಬೇಕಾದಷ್ಟು ವೇಗ ಬಂದ ಮೇಲೆ ಕಾಲನ್ನು ಕೂದಲೆಳೆಯಷ್ಟು ಎತ್ತಿದರೆ ಎಂಜಿನ್ನಿನ ಸದ್ದು ಇಳಿಯುತ್ತದೆ, ಕಾರು ಹಾಗೇ ಓಡುತ್ತದೆ. ನಿಲ್ಲಿಸುವಾಗಲೂ ಅಷ್ಟೇ. ಪೂರ್ತಿ ನಿಲ್ಲುವ ಮೊದಲು ಬ್ರೇಕನ್ನು ಸ್ವಲ್ಪ ಸಡಿಲಿಸಬೇಕು, ಇಲ್ಲವಾದರೆ ಒಳಗಿದ್ದವರ ತಲೆ ಮುಂದಕ್ಕೆ ಹೋಗುತ್ತದೆ. ಬಾಪ್ಪು ನಶ್ಯದ ಡಬ್ಬಿ ತೆರೆದು ಕುಳಿತುಕೊಳ್ಳುತ್ತಿದ್ದರು. ಚೆಲ್ಲಿದರೆ ಬೈಗುಳ. ಮೂರನೇ ವಾರ ಅವರು ಮೈದಾನದ ಸುತ್ತು ಮುಗಿಯುವುದರೊಳಗೆ ಎರಡು ಸಲ ನಶ್ಯ ಎಳೆದರು, ಒಂದು ಕಣವೂ ಬೀಳಲಿಲ್ಲ. ಹೊಗಳಲಿಲ್ಲ. "ನಾಳೆ ಏರು ರಸ್ತೆ" ಎಂದರು.

ಲೈಸೆನ್ಸ್ ಕೊಡುವ ಅಧಿಕಾರಿಯನ್ನು ಆಗ ಎಲ್ಲರೂ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುತ್ತಿದ್ದರು. ಆ ಬ್ರೇಕ್ ಇನ್‌ಸ್ಪೆಕ್ಟರ್ ಮೈಸೂರು ಕಡೆಯವರು. ಕಾರಿನೊಳಗೆ ಇಣುಕಿ, ಸ್ಟೀರಿಂಗ್ ಹಿಡಿದು ಕುಳಿತಿದ್ದ ನನ್ನನ್ನು ಬಿಟ್ಟು, ಹೊರಗೆ ನಿಂತಿದ್ದ ಅಣ್ಣನನ್ನು ಕೇಳಿದರು:

"ಏನ್ರೀ ಇದು? ಕ್ಲಚ್ ಎಲ್ಲಿ?"

"ಇಲ್ಲ ಸಾರ್. ಇದು ಹಾಗೆಯೇ."

"ಗೇರ್ ಹಾಕೋದೇ ಇಲ್ಲ ಅಂದ್ರೆ ಏನ್ ಟೆಸ್ಟ್ ಮಾಡೋದು? ಆಮೇಲೆ ಇವರಿಗೆ ಕಾಲು ಬೇರೆ ಹೀಗಿದೆ. ಇದೆಲ್ಲ ಯಾಕ್ರೀ ಬೇಕು ಇವರಿಗೆ?"

ಅಣ್ಣ ನಕ್ಕ. "ಹೇಳಿದರೆ ಕೇಳುವುದಿಲ್ಲ ಸಾರ್, ಹಠ" ಎಂದ. ಇಬ್ಬರೂ ಸೇರಿ ನಕ್ಕರು. ಏಳೆಂಟು ವರ್ಷದಿಂದ ನಲವತ್ತು ಹುಡುಗಿಯರ ಕ್ಲಾಸನ್ನು ಹಿಡಿದು ಕೂರಿಸಿದ ನನ್ನ ಗಂಟಲು ಆಗ ಉಪಯೋಗಕ್ಕೆ ಬಂತು.

"ಸಾರ್, ಅರ್ಜಿ ಹಾಕಿದ್ದು ನಾನು. ನನ್ನ ಹತ್ತಿರ ಮಾತಾಡಿ. ನೀವು ಕಾರಿನಲ್ಲಿ ಕೂತುಕೊಳ್ಳುವವರೆಗೆ ನಾನು ಇಳಿಯುವುದಿಲ್ಲ."

ನನ್ನ ಹಿಂದೆ ಎರಡು ಲಾರಿ, ಒಂದು ಟ್ಯಾಕ್ಸಿ ಟೆಸ್ಟಿಗೆ ಕಾಯುತ್ತಿದ್ದವು. ಅವುಗಳ ಡ್ರೈವರುಗಳು ಹಾರ್ನ್ ಹೊಡೆಯಲು ಶುರುಮಾಡಿದರು. ನಾನು ಕದಲಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಮುಖ ಗಂಟು ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಅಣ್ಣ ಹಿಂದಿನ ಸೀಟಿಗೆ ತೂರಿಕೊಂಡ.

ಬಾವುಟಗುಡ್ಡೆಯ ಏರಿನ ಅರ್ಧದಲ್ಲಿ ನಿಲ್ಲಿಸಲು ಹೇಳಿದರು. ತಾವೇ ಇಳಿದು ಹಿಂದಿನ ಚಕ್ರದ ಹಿಂದೆ ಒಂದು ಬೆಂಕಿಪೊಟ್ಟಣ ಇಟ್ಟರು. ಕಾರು ಹಿಂದಕ್ಕೆ ಜಾರಿದರೆ ಪೊಟ್ಟಣ ಅಪ್ಪಚ್ಚಿಯಾಗುತ್ತದೆ, ನಾನು ಫೇಲು. ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಏರಿನ ಮೇಲೆ ಹಿಡಿದು ನಿಲ್ಲಿಸಬೇಡ, ಒಳಗೆ ಸುಟ್ಟುಹೋಗುತ್ತದೆ ಎಂದು ಬಾಪ್ಪು ನೂರು ಸಲ ಹೇಳಿದ್ದರು. ಹ್ಯಾಂಡ್ ಬ್ರೇಕ್ ಎಳೆದುಕೊಂಡೆ. ಮೆಲ್ಲಗೆ ಒತ್ತಿದೆ. ಸದ್ದು ಏರಿತು. ಕಾದೆ. ಕಾರಿನ ಹಿಂಭಾಗ ಸ್ವಲ್ಪ ತಗ್ಗಿ, ಎಳೆಯಲು ತಯಾರಾದದ್ದು ಬೆನ್ನಿಗೆ ತಿಳಿಯಿತು. ಬ್ರೇಕ್ ಬಿಟ್ಟೆ. ಕಾರು ಅದುರದೆ ಮೇಲೆ ಹೋಯಿತು.

ಇನ್‌ಸ್ಪೆಕ್ಟರ್ ಪೊಟ್ಟಣ ಹೆಕ್ಕಿಕೊಂಡು, ಅದರಿಂದಲೇ ಕಡ್ಡಿ ಗೀರಿ ಸಿಗರೇಟು ಹಚ್ಚಿದರು. ಹಿಂದಕ್ಕೆ ಬಿಡಿಸಿದರು, ತಿರುಗಿಸಲು ಹೇಳಿದರು. ಆಫೀಸಿಗೆ ಬಂದು ಸಹಿ ಹಾಕಿ, ಅಣ್ಣನ ಭುಜ ತಟ್ಟಿದರು. "ತಂಗಿಗೆ ಚೆನ್ನಾಗಿ ಕಲಿಸಿದ್ದೀರಿ ಕಣ್ರೀ."

"ಹೌದು ಸಾರ್, ಸ್ವಲ್ಪ ಕಷ್ಟವಾಯಿತು" ಎಂದ ನನ್ನ ಅಣ್ಣ.

ಮನೆಗೆ ಬರುವ ದಾರಿಯಲ್ಲಿ ನಾನು ಅವನ ಹತ್ತಿರ ಒಂದು ಮಾತೂ ಆಡಲಿಲ್ಲ. ಅವನಿಗೆ ಅದು ಗೊತ್ತೂ ಆಗಲಿಲ್ಲ.

ನಾನು ಶಾಲೆಗೆ ಕಾರಿನಲ್ಲಿ ಹೋಗತೊಡಗಿದೆ. ಮೊದಲ ತಿಂಗಳು ನಾನು ಬರುವ ಹೊತ್ತಿಗೆ ಹುಡುಗಿಯರು ಗೇಟಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಅಣ್ಣನಿಗೆ ಆ ಕಾರಿನ ಮೇಲೆ ಹಠಾತ್ತನೆ ಪ್ರೀತಿ ಹುಟ್ಟಿತು. ಒಂದು ಶನಿವಾರ ಪರೀಕ್ಷೆಯ ಕೆಲಸಕ್ಕೆ ನಾನು ಸಹೋದ್ಯೋಗಿಗಳ ಜೊತೆ ಬಸ್ಸಿನಲ್ಲಿ ಉಡುಪಿಗೆ ಹೋಗಿದ್ದೆ. ಸಂಜೆ ಬಂದಾಗ ಅಂಗಳದಲ್ಲೆಲ್ಲ ಸುಟ್ಟ ರಬ್ಬರಿನ ವಾಸನೆ. ಅಣ್ಣ ತನ್ನ ನಾಲ್ವರು ಸ್ನೇಹಿತರನ್ನು ತುಂಬಿಕೊಂಡು ಕದ್ರಿ ಗುಡ್ಡೆ ಹತ್ತಿಸಿದ್ದ. ಜೀಪನ್ನು ಬಿಡುವ ಹಾಗೆ ಪೆಡಲನ್ನು ನೆಲಕ್ಕೆ ತಾಗಿಸಿ, ಬಿಟ್ಟು, ಮತ್ತೆ ತಾಗಿಸಿ, ಎರಡೂ ಬೆಲ್ಟುಗಳನ್ನು ಸುಟ್ಟಿದ್ದ. ನಾಲ್ವರು ಸೇರಿ ತಳ್ಳಿಕೊಂಡು ಬಂದಿದ್ದರು.

"ಆಟದ ಸಾಮಾನು ಇದು ಮಾರಾಯ್ತಿ, ಕಾರಲ್ಲ. ಸದ್ದು ಮಾತ್ರ ಉಂಟು, ಎಳೆಯುವುದೇ ಇಲ್ಲ" ಎಂದ.

"ಕೇಳದೆ ಯಾಕೆ ಮುಟ್ಟಿದೆ?"

"ಮನೆಯ ಕಾರಲ್ಲವಾ?"

ಬಾಪ್ಪು ಆಫ್ರಿಕಾದಿಂದ ತಂದಿದ್ದದ್ದು ಎರಡು ಜೊತೆ ಬದಲಿ ಬೆಲ್ಟು ಮಾತ್ರ. ಆ ಕಾಲದಲ್ಲಿ ಮಂಗಳೂರಿನಲ್ಲಿ ಬಿಡಿ, ಬೊಂಬಾಯಿಯಲ್ಲೂ ಅದು ಸಿಗುತ್ತಿರಲಿಲ್ಲ. ಈಗಲಾದರೂ ಬಾಪ್ಪು ಅಣ್ಣನಿಗೆ ನಾಲ್ಕು ಮಾತು ಹೇಳುತ್ತಾರೆಂದು ನಾನು ಕಾದೆ. ಅವರು ನಶ್ಯದ ಡಬ್ಬಿಯನ್ನು ಮುಚ್ಚಿ ತೆರೆದು ಮಾಡುತ್ತಾ, "ಹೋಗಲಿ ಬಿಡು, ಮನೆ ನಡೆಸುವವನು ಅವನು" ಎಂದರು. ನಶ್ಯ ಚೆಲ್ಲಿದ್ದಕ್ಕೆ ನನ್ನನ್ನು ಮೂರು ವಾರ ಬೈದವರು ಇವರೇ! ಅವರ ಮೇಲೆ ನನಗೆ ಎಷ್ಟು ಪ್ರೀತಿಯಿದ್ದರೂ ಆ ಒಂದು ಮಾತನ್ನು ಈವರೆಗೆ ಕ್ಷಮಿಸಿಲ್ಲ. ಅಂದಿನಿಂದ ಕೀಲಿಕೈಯನ್ನು ಕೊರಳಿನ ಶಿಲುಬೆಯ ಸರಕ್ಕೇ ಪೋಣಿಸಿಕೊಂಡೆ. ಸ್ನಾನಕ್ಕೆ ಹೋಗುವಾಗಲೂ ತೆಗೆಯಲಿಲ್ಲ.

ಒಂದೂವರೆ ವರ್ಷದ ಮೇಲೆ, ಮಳೆಗಾಲ ಮುಗಿದ ಹೊತ್ತಿಗೆ, ಅಮ್ಮ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಬೆಳಿಗ್ಗೆ ಎಂಟು ಗಂಟೆ. ಅಮ್ಮನ ಕಿರುಚಾಟ ಪಕ್ಕದ ಮೂರು ಮನೆಗಳಿಗೆ ಕೇಳಿಸಿತು. ಅಣ್ಣ ಜೀಪನ್ನು ಬಾಗಿಲಿಗೇ ತಂದು ನಿಲ್ಲಿಸಿದ. ನೆರೆಯವರು ಹಿಡಿದು ಎತ್ತಿ ಕೂರಿಸಿದರು. ಜೀಪು ಗೇಟು ದಾಟುವ ಮೊದಲೇ ಎರಡು ಸಲ ಕುಲುಕಿತು. ಅಮ್ಮ, "ಬೇಡ, ಇಳಿಸು, ಸಾಯ್ತೇನೆ" ಎಂದು ಕೂಗಿದಳು. ಅಣ್ಣ ಜೀಪು ನಿಲ್ಲಿಸಿ ನನ್ನ ಮುಂದೆ ಬಂದು ಕೈ ಚಾಚಿದ.

"ಕೀಲಿಕೈ ಕೊಡು."

"ನಾನು ಬಿಡ್ತೇನೆ."

"ಜಗಳಕ್ಕೆ ಇದಾ ಹೊತ್ತು? ಕೊಡು ಅಂದೆ."

"ಅಮ್ಮನನ್ನು ಕೂರಿಸು. ಬಿಡುವುದು ನಾನು."

ಅವನ ಕೈ ನನ್ನ ಕೊರಳಿನ ಸರದವರೆಗೆ ಬಂತು. ನಾನು ಅವನ ಕೈಗೆ ಹೊಡೆದೆ. ನೆರೆಯವರ ಎದುರೇ, ಜೋರಾಗಿ. ನನ್ನ ಜೀವನದಲ್ಲಿ ನಾನು ಇನ್ನೊಬ್ಬರಿಗೆ ಹೊಡೆದದ್ದು ಅದೊಂದೇ ಸಲ, ಅದರ ಬಗ್ಗೆ ಬೇಸರವಿಲ್ಲ.

ಅಮ್ಮನನ್ನು ಹಿಂದಿನ ಸೀಟಿನಲ್ಲಿ ಓರೆಯಾಗಿ, ದಿಂಬುಗಳ ನಡುವೆ ಮಲಗಿಸಿದರು. ಬಾಪ್ಪು ಪಕ್ಕದಲ್ಲಿ ಕುಳಿತು ಕೈಯನ್ನು ಹಿಂದೆ ಚಾಚಿ ಅಮ್ಮನ ಕೈ ಹಿಡಿದುಕೊಂಡರು. ಎಂಜಿನ್ನಿನ ಕಿರುಚಾಟ ಇಳಿಯುವವರೆಗೆ ನಾನು ಕಾದೆ. ಹೊರಗೆ ಅಣ್ಣ, "ಹೊರಡು, ಹೊರಡು" ಎಂದು ಕಾರಿನ ಮೇಲ್ಛಾವಣಿಗೆ ಬಡಿಯುತ್ತಿದ್ದ. ಕಾದೆ. ಆಮೇಲೆ ಲಿವರ್ ತಳ್ಳಿದೆ.

ಬಿಜೈಯಿಂದ ಕಂಕನಾಡಿಗೆ ಹೆಚ್ಚು ದೂರವಿಲ್ಲ. ಆ ದಿನ ಅದು ಮುಗಿಯಲೇ ಇಲ್ಲ. ಪ್ರತಿ ಹೊಂಡವೂ ಬರುವ ಮೊದಲೇ ಕಾಲನ್ನು ಎತ್ತಿ, ಕಾರನ್ನು ತಾನಾಗಿ ನಿಧಾನವಾಗಲು ಬಿಟ್ಟು, ಹೊಂಡದಲ್ಲಿ ಇಳಿಸಿ ಹತ್ತಿಸಿದೆ. ಇಳಿಜಾರಿಗೆ ಮೊದಲು ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆಂದೇ ಇದ್ದ ಗುಂಡಿ ಎಳೆದುಕೊಂಡೆ, ಎಂಜಿನ್ನೇ ಕಾರನ್ನು ಹಿಡಿದುಕೊಂಡಿತು, ಬ್ರೇಕ್ ಮುಟ್ಟುವ ಅಗತ್ಯ ಬರಲಿಲ್ಲ. ಮುಂದೆ ಅಣ್ಣನ ಜೀಪು ಹಾರ್ನ್ ಹೊಡೆಯುತ್ತಾ ದಾರಿ ಬಿಡಿಸುತ್ತಿತ್ತು. ಅವನು ದೂರ ಹೋಗಿ, ನಿಂತು, ಕೈ ಬೀಸಿ ಬೇಗ ಬಾ ಎಂದು ಕರೆಯುತ್ತಿದ್ದ. ನಾನು ನನ್ನ ವೇಗದಲ್ಲೇ ಹೋದೆ. ಬೆವರಿನಿಂದ ಸ್ಟೀರಿಂಗ್ ಒದ್ದೆಯಾಗಿತ್ತು. ಅಮ್ಮ ಮೊದಲು ನರಳುತ್ತಿದ್ದಳು, ಆಮೇಲೆ ಜಪಸರ ಹೇಳತೊಡಗಿದಳು, ಅರ್ಧ ದಾರಿಯ ಮೇಲೆ ಸದ್ದಿಲ್ಲ. ನನಗೆ ಹೆದರಿಕೆಯಾಗಿ, "ಬಾಪ್ಪು, ಅಮ್ಮ?" ಎಂದೆ.

"ನನ್ನ ಕೈ ಹಿಡಿದಿದ್ದಾಳೆ. ಉಸಿರು ಕೇಳ್ತದೆ. ನೀನು ರಸ್ತೆ ನೋಡು" ಎಂದರು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ತಂದ ಸಿಸ್ಟರ್, "ಕಾರಿನಲ್ಲಿ ತಂದದ್ದಾ? ಮೂಳೆ ಅಲುಗಿದ ಹಾಗೆ ಕಾಣುವುದಿಲ್ಲ" ಎಂದರು. ಅಮ್ಮ ನಾಲ್ಕು ತಿಂಗಳು ಮಲಗಿ, ಕೋಲು ಹಿಡಿದು ಎದ್ದಳು.

ಅಮ್ಮನಿಗೆ ಎಪ್ಪತ್ತು ತುಂಬಿದಾಗ ಮನೆಯಲ್ಲಿ ದೊಡ್ಡ ಊಟ ಇಟ್ಟುಕೊಂಡೆವು. ಐವತ್ತು ಜನ, ಸಾನ್ನಾ ಎಂಬ ಅಕ್ಕಿ ಇಡ್ಲಿ, ಹಂದಿಮಾಂಸ. ಅಣ್ಣ ಗ್ಲಾಸು ಎತ್ತಿ ಮಾತಾಡಿದ. ಆ ದಿನ ಬಾವಿಕಟ್ಟೆಯಿಂದ ಅಮ್ಮನನ್ನು ಎತ್ತಿಕೊಂಡು, ಒಂದು ಕುಲುಕಾಟವೂ ಇಲ್ಲದೆ ಆಸ್ಪತ್ರೆಗೆ ಹೇಗೆ ಮುಟ್ಟಿಸಿದೆ ಎಂದು ಹೇಳಿದ. ಮುಟ್ಟಿಸಿದೆ ಎಂದ. ಮುಟ್ಟಿಸಿದೆವು ಎಂದೂ ಅಲ್ಲ. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. "ಕಾರು ಬಿಟ್ಟದ್ದು ನಾನು" ಎಂದೆ.

ಅಣ್ಣ ನಗುತ್ತಾ, "ಹೌದು ಹೌದು, ಅವಳೂ ಇದ್ದಳು" ಎಂದ.

"ನಾನೂ ಇದ್ದದ್ದಲ್ಲ. ನೀನು ಜೀಪಿನಲ್ಲಿ ಹಾರ್ನ್ ಹೊಡೆಯುತ್ತಾ ಮುಂದೆ ಹೋದೆ. ಅಮ್ಮನನ್ನು ಕೊಂಡುಹೋದದ್ದು ನಾನು. ಅಮ್ಮ, ನೀನು ಹೇಳು."

ಅಮ್ಮ ತಟ್ಟೆಯನ್ನು ನೋಡಿದಳು. "ಇಬ್ಬರೂ ನನ್ನ ಮಕ್ಕಳೇ. ಊಟದ ಹೊತ್ತಿನಲ್ಲಿ ಎಂತ ಇದು?" ಎಂದಳು.

ಬಾಪ್ಪು ಆ ಹೊತ್ತಿಗೆ ತೀರಿಕೊಂಡಿದ್ದರು. ಆ ದಿನ ಕಾರಿನಲ್ಲಿದ್ದವರು ಬೇರೆ ಯಾರೂ ಇರಲಿಲ್ಲ. ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು, ಕಾರು ತೆಗೆದು, ಕೂಳೂರಿನ ಹೊಳೆಯವರೆಗೆ ಹೋಗಿ, ಕಿಟಕಿ ಏರಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಅಣ್ಣನನ್ನು, ಅಮ್ಮನನ್ನು, ಚಪ್ಪಾಳೆ ತಟ್ಟಿದ ಐವತ್ತು ಜನರನ್ನು. ಸಿಟ್ಟು ಇಳಿಯಲಿಲ್ಲ. ಆದರೆ ವಾಪಸು ಬರುವಾಗಲೂ ಕಾಲು ಪೆಡಲನ್ನು ತುಳಿಯಲಿಲ್ಲ, ಮೆಲ್ಲಗೇ ಒತ್ತಿತು. ಅಷ್ಟು ಸಿಟ್ಟಿನಲ್ಲೂ ಅದು ಕಲಿತದ್ದನ್ನು ಮರೆಯದಿದ್ದದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಕೊನೆಯ ಜೊತೆ ಬೆಲ್ಟು ಅರವತ್ತರ ದಶಕ ಮುಗಿಯುವ ಹೊತ್ತಿಗೆ ಕೊಟ್ಟಾರದ ಹತ್ತಿರ ತುಂಡಾಯಿತು. ಆಫ್ರಿಕಾಕ್ಕೆ ಬರೆದ ಎರಡು ಕಾಗದಗಳಿಗೆ ಉತ್ತರ ಬರಲಿಲ್ಲ. ಅಣ್ಣ ಗುಜರಿಯವನನ್ನು ಕರೆಸುತ್ತೇನೆ ಎಂದ. ಅವನು ಕರೆಸುವ ಮೊದಲೇ ನಾನು ಪೇಟೆಯ ಒಂದು ತಾಂತ್ರಿಕ ಶಾಲೆಗೆ ಹೋಗಿ, ಬಿಚ್ಚಿ ನೋಡಿ ಕಲಿಯಲು ಕಾರನ್ನು ಕೊಡುತ್ತೇನೆಂದು ಬರೆದುಕೊಟ್ಟೆ. ಒಂದು ಮಧ್ಯಾಹ್ನ ಎಂಟು ಮಂದಿ ವಿದ್ಯಾರ್ಥಿಗಳು ತಳ್ಳಿಕೊಂಡು ಹೋಗಲು ಬಂದರು. ನಾನು ಸ್ಟೀರಿಂಗ್ ಹಿಡಿದು ಕುಳಿತೆ. ಅಣ್ಣ ಜಗಲಿಯಿಂದ ಇಳಿದು ಬಂದು, "ಎಡಕ್ಕೆ ತಿರುಗಿಸು, ಗೇಟಿಗೆ ತಾಗ್ತದೆ" ಎಂದ.

"ನೀನು ಒಳಗೆ ಹೋಗು" ಎಂದೆ.

ಅವನು ಒಂದು ಕ್ಷಣ ನಿಂತು ನನ್ನ ಮುಖ ನೋಡಿದ. ಆಮೇಲೆ ಒಳಗೆ ಹೋದ. ವಿದ್ಯಾರ್ಥಿಗಳು ತಳ್ಳಿದರು, ಕಾರು ಗೇಟಿಗೆ ತಾಗದೆ ರಸ್ತೆಗೆ ಇಳಿಯಿತು. ಮರುದಿನದಿಂದ ನಾನು ಮತ್ತೆ ಬಸ್ಸಿನಲ್ಲಿ ಶಾಲೆಗೆ ಹೋದೆ.